ಶರನ್ನವರಾತ್ರಿಯೂ ಸೂರ್ಯನಮಸ್ಕಾರವೂ

ಮಹಾಲಯ ಅಮಾವಾಸ್ಯೆ ಕಳೆದು ಆಶ್ವಯುಜ ಶುಕ್ಲ ಪ್ರತಿಪದೆ ಬಂದಿತೆಂದರೆ ಕನ್ನಡನಾಡಿನ ಮನೆಮನೆಗಳಲ್ಲಿಯೂ ನವರಾತ್ರಿಯ ಸಡಗರ ಮೊದಲಾಗುತ್ತದೆ. ಗೊಂಬೆಗಳನ್ನು ಕೂರಿಸುವುದು, ಸರಸ್ವತೀ ಪೂಜೆ, ಆಯುಧಪೂಜೆ, ವಿಜಯದಶಮಿಯ ಸಂಜೆ ಬನ್ನಿ ಹಂಚುವುದು ಇವೆಲ್ಲ ಬಹುಕಾಲದಿಂದ ನಡೆದುಬಂದ ಆಚರಣೆಗಳು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಸೇರಿಕೊಂಡಿದೆ. ಅದೇ ಬೆಳಗಿನ ಸಾಮೂಹಿಕ ಯೋಗಾಭ್ಯಾಸ. ಮೈಸೂರಿನ ದಸರಾ ಕಾರ್ಯಕ್ರಮಗಳಲ್ಲಿ 'ಯೋಗ ದಸರಾ' ಎಂಬ ವಿಭಾಗವೇ ಏರ್ಪಟ್ಟಿದೆ. ಚಿತ್ರದುರ್ಗದ ಮುರುಘಾಮಠದಲ್ಲಿ ದಸರೆಯ ದಿನಗಳಲ್ಲಿ ನಡೆದುಬಂದಿರುವ ಶರಣ ಸಂಸ್ಕೃತಿ ಉತ್ಸವದಲ್ಲಿ ಸಹಜ ಶಿವಯೋಗವೆಂಬ ಸಾಮೂಹಿಕ ಧ್ಯಾನಕ್ಕೆ ಎಡೆಯುಂಟು. ಹಲವು ಊರುಗಳಲ್ಲಿ ತರುಣರು ಒಟ್ಟಾಗಿ 108 ಸೂರ್ಯನಮಸ್ಕಾರಗಳ ವ್ರತವನ್ನು ಕೈಗೊಳ್ಳುತ್ತಾರೆ.

ಒಳ್ಳೆಯ ಅಭ್ಯಾಸದ ಬೆನ್ನಿಗೆ ಹಲವು ಮಾತುಗಳೂ ಹುಟ್ಟಿಕೊಳ್ಳುವುದು ಲೋಕದ ರೂಢಿ. ಶರತ್ಕಾಲದಲ್ಲಿ ಹಗಲಿರುಳುಗಳು ಸಮನಾಗುವ ದಿನ ಸೂರ್ಯಕಿರಣಗಳಿಗೆ ವಿಶೇಷ ಶಕ್ತಿಯುಂಟೆಂದು ಕೆಲವರು ಹೇಳುತ್ತಾರೆ. ಉದಯಕಾಲದ ಬಿಸಿಲಿನಿಂದ ಮೂಳೆಗಳಿಗೆ ಬೇಕಾದ ಡಿ ಜೀವಸತ್ವ ಹೇರಳವಾಗಿ ದೊರೆಯುತ್ತದೆಂದು ಮತ್ತೆ ಕೆಲವರ ನಂಬಿಕೆ. 108 ಎಂಬ ಸಂಖ್ಯೆಯಲ್ಲಿಯೇ ದೇಹಕ್ಕೆ ಹಿತವಾದ ಗುಟ್ಟು ಅಡಗಿದೆಯೆಂದು ಇನ್ನು ಕೆಲವರ ವಾದ. ಈ ಮಾತುಗಳಲ್ಲಿ ನಿಜವೆಷ್ಟು? ಒಂದು ಕೋಲು, ಒಂದು ಗಡಿಯಾರ ಮತ್ತು ಪ್ರೌಢಶಾಲೆಯಲ್ಲಿ ಕಲಿತ ಗಣಿತ ಇವಿಷ್ಟಿದ್ದರೆ ಬಹುಪಾಲನ್ನು ನಾವೇ ಪರೀಕ್ಷಿಸಬಹುದು. ಪರೀಕ್ಷೆಗೆ ಒಂದು ಸ್ಥಳ ಬೇಕಷ್ಟೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹಿರಿಯೂರಿಗೆ ಹೊಂದಿಕೊಂಡಿರುವ, ಕೃಷಿ ಸಂಶೋಧನಾ ಕೇಂದ್ರದಿಂದ ಹೆಸರಾದ ಬಬ್ಬೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಅಕ್ಷಾಂಶ ಉತ್ತರಕ್ಕೆ ಸುಮಾರು 14 ಡಿಗ್ರಿ.

ಹಬ್ಬದಲ್ಲಿ ಅಂಗಸಾಧನೆ

ನವರಾತ್ರಿಗೂ ಅಂಗಸಾಧನೆಗೂ ನಂಟು ಇಂದಿನದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ಮಹಾನವಮಿಯ ಉತ್ಸವದಲ್ಲಿ ಜಟ್ಟಿಗಳ ಕಾಳಗಗಳನ್ನು ಕಂಡು ಬಣ್ಣಿಸಿದ್ದಾನೆ. ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಎಣ್ಣೆ ಹಚ್ಚಿಕೊಂಡು, ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ, ಮಲ್ಲನೊಡನೆ ಹೋರಿ ಬೆವರುತ್ತಿದ್ದನೆಂದೂ ಅವನೇ ತಿಳಿಸುತ್ತಾನೆ. ಮೈಸೂರು ಒಡೆಯರಲ್ಲಿ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ದಸರಾ ಕುಸ್ತಿಯೂ ಇದೇ ಪರಂಪರೆಯವು.

ಯೋಗಾಸನಗಳ ಕಲಿಕೆಗೆ ಇದೇ ಮೈಸೂರಿನಲ್ಲಿ ಹೊಸ ಚೈತನ್ಯ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷ ಅವರ 'ಯೋಗಮಕರಂದ' ಕನ್ನಡದಲ್ಲಿ ಪ್ರಕಟವಾಯಿತು. ಬಿ. ಕೆ. ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸ್ ಇವರ ಶಿಷ್ಯರು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳ ಹೆಸರನ್ನು ಮರೆಯುವಂತಿಲ್ಲ. 'ತಿರುಕ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಅವರು 1996ರಲ್ಲಿ ತೀರಿಕೊಳ್ಳುವವರೆಗೂ ವ್ಯಾಯಾಮ, ಯೋಗ, ಆಯುರ್ವೇದಗಳನ್ನು ಹಳ್ಳಿಗರ ಬಾಗಿಲಿಗೆ ಕೊಂಡೊಯ್ದರು.

ಸೂರ್ಯನಮಸ್ಕಾರದ ವಿಷಯದಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದು ನಾವು ಮಾಡುವ ಹನ್ನೆರಡು ಸ್ಥಿತಿಗಳ ಸರಣಿ ಪತಂಜಲಿಯ ಯೋಗಸೂತ್ರಗಳಲ್ಲಿ ಇಲ್ಲ, ಹಠಯೋಗಪ್ರದೀಪಿಕೆಯಲ್ಲಿಯೂ ಇಲ್ಲ. ಅದನ್ನು ವ್ಯಾಯಾಮಕ್ರಮವಾಗಿ ಪ್ರಚಾರಕ್ಕೆ ತಂದವರಲ್ಲಿ ಮಹಾರಾಷ್ಟ್ರದ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು ಪ್ರಮುಖರು. ಬೆಂಗಳೂರಿನ ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್ ಅವರು 1937ರಲ್ಲಿ ಇದನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹೊಸದೆಂಬ ಕಾರಣಕ್ಕೆ ಅದರ ಬೆಲೆ ಕಡಮೆಯಾಗುವುದಿಲ್ಲ. ಆದರೆ ಅದರ ಗುಣವನ್ನು ಪ್ರಾಚೀನತೆಯಿಂದ ಅಳೆಯದೆ, ಅದು ದೇಹದಲ್ಲಿ ಮಾಡುವ ಕೆಲಸದಿಂದ ಅಳೆಯಬೇಕಾಗುತ್ತದೆ.

ವಿಷುವ ಮತ್ತು ಹಬ್ಬದ ತಿಥಿ

ಭೂಮಿಯ ಅಕ್ಷವು ಅದರ ಕಕ್ಷೆಯ ತಲಕ್ಕೆ ಎಳೆದ ಲಂಬದಿಂದ 23.4 ಡಿಗ್ರಿ ವಾಲಿದೆ. ಈ ವಾಲಿಕೆಯಿಂದಾಗಿ ಸೂರ್ಯನು ವರ್ಷದ ಅರ್ಧಭಾಗ ಸಮಭಾಜಕ ವೃತ್ತದ ಉತ್ತರಕ್ಕೂ ಉಳಿದರ್ಧ ದಕ್ಷಿಣಕ್ಕೂ ಇರುವಂತೆ ತೋರುತ್ತಾನೆ. ಉತ್ತರದಿಂದ ದಕ್ಷಿಣಕ್ಕೆ ದಾಟುವ ಕ್ಷಣವೇ ಶರದ್ವಿಷುವ. ಇದು ಸೆಪ್ಟೆಂಬರ್ 22 ಅಥವಾ 23ರಂದು ಬರುತ್ತದೆ. ಆ ದಿನ ಬಬ್ಬೂರಿನಲ್ಲಿ ಬಯಲಿನಲ್ಲಿ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ನಡುಹಗಲಿಗೆ ಅದರ ನೆರಳು ಉತ್ತರಕ್ಕೆ ಚಾಚಿ ಸುಮಾರು 25 ಸೆಂ.ಮೀ. ಉದ್ದವಿರುತ್ತದೆ. 14 ಡಿಗ್ರಿ ಕೋನದ ಸ್ಪರ್ಶಕ 0.25 ಎಂಬುದನ್ನು ತ್ರಿಕೋನಮಿತಿಯ ಕೋಷ್ಟಕದಲ್ಲಿ ನೋಡಿದವರಿಗೆ ಇದರ ಕಾರಣ ಹೊಳೆಯುತ್ತದೆ. ಅಲ್ಲಿಯ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಅಲ್ಲ, ಸುಮಾರು 12 ಗಂಟೆ 16 ನಿಮಿಷಕ್ಕೆ ಎಂಬುದನ್ನು ಮಾತ್ರ ನೆನಪಿಡಬೇಕು.

ವಿಷುವದಂದು ಸೂರ್ಯನು ಹುಟ್ಟುವುದು ನೇರ ಪೂರ್ವದಲ್ಲಿ. ಜೂನ್ ತಿಂಗಳಲ್ಲಿ ಬಬ್ಬೂರಿನವರಿಗೆ ಅವನು ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಪೂರ್ವಾಭಿಮುಖವಾಗಿ ನಿಂತು ನಮಸ್ಕರಿಸುವವನು ಉದಯಸೂರ್ಯನನ್ನು ಸರಿಯಾಗಿ ಎದುರಿಸುವುದು ಎರಡು ವಿಷುವಗಳ ಆಸುಪಾಸಿನಲ್ಲಿ ಮಾತ್ರ.

ಹಾಗಾದರೆ ನವರಾತ್ರಿ ವಿಷುವದ ಹಬ್ಬವೇ? ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಹಬ್ಬದ ತಿಥಿ ಚಾಂದ್ರಮಾನದ್ದು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ 11 ದಿನ ಕಡಮೆ. ಈ ಕೊರತೆಯನ್ನು ಎರಡೂವರೆ ಮೂರು ವರ್ಷಗಳಿಗೊಮ್ಮೆ ಬರುವ ಅಧಿಕಮಾಸ ತುಂಬುತ್ತದೆ. ಆದ್ದರಿಂದ ನವರಾತ್ರಿಯ ಆರಂಭವು ಸೆಪ್ಟೆಂಬರ್ ಕೊನೆಯ ಭಾಗದಿಂದ ಅಕ್ಟೋಬರ್ ನಡುವಿನವರೆಗೆ ಹಿಂದುಮುಂದಾಗುತ್ತಿರುತ್ತದೆ. 2025ರಲ್ಲಿ ಅದು ಸೆಪ್ಟೆಂಬರ್ 22ರಂದು, ವಿಷುವದ ದಿನವೇ, ಮೊದಲಾಯಿತು. 2020ರಲ್ಲಾದರೋ ಆಶ್ವಯುಜವೇ ಅಧಿಕವಾಗಿ ಬಂದುದರಿಂದ ನವರಾತ್ರಿ ಅಕ್ಟೋಬರ್ 17ಕ್ಕೆ, ಎಂದರೆ ವಿಷುವವಾಗಿ 25 ದಿನಗಳ ಮೇಲೆ, ಆರಂಭವಾಯಿತು.

ನಮ್ಮ ಪಂಚಾಂಗಗಳಲ್ಲಿ ಇನ್ನೊಂದು ಗುರುತೂ ಉಂಟು. ತಲಕಾವೇರಿಯಲ್ಲಿ ತೀರ್ಥೋದ್ಭವವನ್ನು ಆಚರಿಸುವ ತುಲಾ ಸಂಕ್ರಮಣವು ಹಿಂದೊಮ್ಮೆ ಶರದ್ವಿಷುವದೊಡನೆ ಕೂಡಿಬರುತ್ತಿತ್ತು. ಈಗ ಅದು ಅಕ್ಟೋಬರ್ 17ರ ಸುಮಾರಿಗೆ ಬರುತ್ತದೆ. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಹೊಯ್ದಾಡುವುದರಿಂದ ವಿಷುವಬಿಂದುವು ನಕ್ಷತ್ರಗಳ ನಡುವೆ ಸುಮಾರು 72 ವರ್ಷಗಳಿಗೆ 1 ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ಇದನ್ನೇ ಅಯನಚಲನೆ ಎನ್ನುತ್ತೇವೆ. ಅಂತೂ ಆಕಾಶವನ್ನು ನೋಡಿ ಕಾಲವನ್ನು ಗೊತ್ತುಮಾಡಿದವರ ಶ್ರಮ ಈ ಹಬ್ಬದ ಹಿಂದಿದೆ. ಆದರೆ ಒಂದೊಂದು ವರ್ಷ ಮೂರೂವರೆ ವಾರದಷ್ಟು ಸರಿಯುವ ಹಬ್ಬಕ್ಕೆ ವಿಷುವದ ಒಂದು ದಿನದ 'ಶಕ್ತಿ'ಯನ್ನು ಅಂಟಿಸುವುದು ಸಲ್ಲದು.

ಋತುವಿನ ಬದಲಾವಣೆ ಎಷ್ಟು?

ಆ ದಿನದ ಕಿರಣಗಳ ಬಲವನ್ನೂ ಲೆಕ್ಕ ಹಾಕೋಣ. ಭೂಮಿಯ ವಾತಾವರಣದ ಹೊರಗೆ, ಕಿರಣಗಳಿಗೆ ಲಂಬವಾದ ಒಂದು ಚದರ ಮೀಟರಿನ ಮೇಲೆ ಬೀಳುವ ಸೌರಶಕ್ತಿ ಸೆಕೆಂಡಿಗೆ ಸರಾಸರಿ 1361 ಜೂಲ್. ಶರದ್ವಿಷುವದಲ್ಲಿ ಭೂಮಿಯು ಸರಾಸರಿ ದೂರಕ್ಕಿಂತ ಶೇಕಡಾ ಅರ್ಧದಷ್ಟೂ ಹೆಚ್ಚು ದೂರದಲ್ಲಿರುವುದಿಲ್ಲ. ಶಕ್ತಿಯಲ್ಲಿ ಆಗುವ ವ್ಯತ್ಯಾಸ ಶೇಕಡಾ 1ಕ್ಕೂ ಕಡಮೆ. ಕಿರಣಗಳಲ್ಲಿ ಆ ದಿನ ಹೊಸದೇನೂ ಸೇರುವುದಿಲ್ಲ.

ಹಗಲಿನ ಉದ್ದದ ಮಾತೇನು? ಬಬ್ಬೂರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು 1 ಗಂಟೆ 40 ನಿಮಿಷ. ಹಗಲು ಅತ್ಯಂತ ವೇಗವಾಗಿ ಕುಗ್ಗುವುದು ಶರದ್ವಿಷುವದ ಸಮಯದಲ್ಲಿ. ಆಗಲೂ ದಿನಕ್ಕೆ ಕುಗ್ಗುವುದು 45 ಸೆಕೆಂಡಿನಷ್ಟು ಮಾತ್ರ; ಒಂಬತ್ತು ದಿನಗಳಲ್ಲಿ 7 ನಿಮಿಷ. ಅದೇ ದಿನಗಳಲ್ಲಿ ಲಂಡನ್ನಿನಲ್ಲಿ ಹಗಲು ದಿನಕ್ಕೆ ಸುಮಾರು 4 ನಿಮಿಷದಂತೆ ಒಟ್ಟು ಅರ್ಧ ಗಂಟೆಗೂ ಹೆಚ್ಚು ಕುಗ್ಗಿರುತ್ತದೆ. ಎಲೆಗಳು ಕೆಂಪಾಗಿ ಉದುರುವ, ಬೆಳಕು ಕಣ್ಣೆದುರೇ ಕ್ಷೀಣಿಸುವ ಆ ಶರತ್ತಿಗೂ ನಮ್ಮ ಶರತ್ತಿಗೂ ಬಹಳ ಭೇದವುಂಟು. ಪಾಶ್ಚಾತ್ಯ ದೇಶಗಳಲ್ಲಿ ಶರತ್ಕಾಲದ ಯೋಗವನ್ನು ಕುರಿತು ಬರೆದುದನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ತಪ್ಪು.

ಸಂಸ್ಕೃತ ಕಾವ್ಯಗಳ ಶರದೃತುವೆಂದರೆ ಮೋಡ ಕಳೆದ ತಿಳಿಯಾದ ಬಾನು. ಹಿರಿಯೂರಿನ ಕಡೆಯ ರೈತನಿಗಾದರೋ ಇದು ಹಸ್ತ, ಚಿತ್ತ ಮಳೆಗಳ ಕಾಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಬಯಲಿಗೆ ಜೂನ್, ಜುಲೈಗಳಲ್ಲಿ ಸಿಗುವುದು ಅಲ್ಪ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿಯೇ. ಹೀಗಿರುವಲ್ಲಿ ನವರಾತ್ರಿಯ ಬೆಳಗುಗಳು ಇಲ್ಲಿ ಎಷ್ಟೋ ಸಲ ತೇವದಿಂದಲೂ ಮೋಡದಿಂದಲೂ ಕೂಡಿರುತ್ತವೆ. ಬಯಲಿನಲ್ಲಿ ಅಭ್ಯಾಸ ಮಾಡುವವರಿಗೆ ಜಾರುವ ನೆಲವೇ ಮೊದಲು ಗಮನಿಸಬೇಕಾದ ಋತುಧರ್ಮ.

ಬೆಳಗಿನ ಬಿಸಿಲು

ಇನ್ನು ಡಿ ಜೀವಸತ್ವದ ವಿಚಾರ. ಚರ್ಮದಲ್ಲಿ ಇದನ್ನು ಉಂಟುಮಾಡುವುದು ಅತಿನೇರಿಳೆ ಕಿರಣಗಳಲ್ಲಿ 'ಬಿ' ಎಂಬ ಗುಂಪು. ವಾತಾವರಣದ ಮೇಲ್ಪದರದ ಓಝೋನ್ ಇವುಗಳನ್ನು ಬಹುವಾಗಿ ಹೀರಿಕೊಳ್ಳುತ್ತದೆ. ಸೂರ್ಯನು ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿದ್ದಾಗ ಕಿರಣಗಳು ಓರೆಯಾಗಿ ಬಂದು, ನೆತ್ತಿಯ ಮೇಲಿದ್ದಾಗ ದಾಟುವ ಗಾಳಿಗಿಂತ ಐದೂವರೆ ಪಟ್ಟು ಗಾಳಿಯನ್ನು ದಾಟಬೇಕಾಗುತ್ತದೆ. ಈ ಕಾರಣದಿಂದ ಉದಯದ ಎಳೆಬಿಸಿಲಿನಲ್ಲಿ ಈ ಕಿರಣಗಳು ಅತ್ಯಲ್ಪ. ವಿಷುವದಂದು ಬಬ್ಬೂರಿನಲ್ಲಿ ಸೂರ್ಯೋದಯ ಸುಮಾರು 6 ಗಂಟೆ 13 ನಿಮಿಷಕ್ಕೆ. ಸೂರ್ಯನು 45 ಡಿಗ್ರಿ ಎತ್ತರಕ್ಕೆ ಏರುವುದು 9 ಗಂಟೆ 20 ನಿಮಿಷದ ಮೇಲೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿರುವವರೆಗೆ ಡಿ ಜೀವಸತ್ವದ ಉತ್ಪತ್ತಿ ಕಡಮೆಯೆಂದು ತಿಳಿಯಬಹುದು.

ಹಾಗೆಂದು ಬೆಳಗಿನ ಬೆಳಕು ನಿಷ್ಪ್ರಯೋಜಕವಲ್ಲ. ನಮ್ಮ ಅಕ್ಷಿಪಟಲದಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಬೆಳಕಿನ ಪ್ರಮಾಣವನ್ನು ಮಿದುಳಿನ ಕಾಲಮಾಪಕ ಕೇಂದ್ರಕ್ಕೆ ತಿಳಿಸುವ ಬೇರೆ ಕೋಶಗಳೂ ಇವೆ. ನಿದ್ರೆ, ಎಚ್ಚರ, ಹಸಿವು, ದೇಹದ ಉಷ್ಣತೆಗಳ ದೈನಂದಿನ ಏರಿಳಿತ ಈ ಕಾಲಮಾಪಕಕ್ಕೆ ಒಳಪಟ್ಟಿದೆ. ಇಂತಹ ಜೈವಿಕ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ದೊರೆಯಿತು. ಕೊಠಡಿಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ; ಸೂರ್ಯೋದಯವಾದ ಸ್ವಲ್ಪ ಹೊತ್ತಿನಲ್ಲಿಯೇ ಬಯಲಿನ ಬೆಳಕು ಸಾವಿರಾರು ಲಕ್ಸ್‌ಗೆ ಏರುತ್ತದೆ. ದಿನವೂ ಒಂದೇ ಹೊತ್ತಿಗೆ ಎದ್ದು ಬೆಳಕಿಗೆ ಬರುವುದರಿಂದ ಈ ಗಡಿಯಾರ ಸರಿಯಾಗಿ ಹೊಂದಿಕೊಳ್ಳುತ್ತದೆ. ಇಲ್ಲಿ ಫಲ ಕೊಡುವುದು ವಿಷುವದ ಕಿರಣವಲ್ಲ, ನಿತ್ಯದ ನಿಯಮ. ಸೂರ್ಯನನ್ನು ಮಾತ್ರ ಯಾವ ಹೊತ್ತಿನಲ್ಲಿಯೂ ದಿಟ್ಟಿಸಿ ನೋಡಬಾರದು.

ನಮಸ್ಕಾರದ ಲೆಕ್ಕ

ಈಗ ನಮಸ್ಕಾರವನ್ನೇ ಭೌತಶಾಸ್ತ್ರದ ದೃಷ್ಟಿಯಿಂದ ನೋಡೋಣ. ಕೈಯೆತ್ತಿ ನಿಂತವನ ಗುರುತ್ವಕೇಂದ್ರ ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದೆ. ನೆಲಕ್ಕೆ ಒರಗಿದಾಗ ಸುಮಾರು ಕಾಲು ಮೀಟರಿಗೆ ಇಳಿಯುತ್ತದೆ. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿ ಒಂದು ನಮಸ್ಕಾರದಲ್ಲಿ ತನ್ನ ದೇಹವನ್ನು ಮುಕ್ಕಾಲು ಮೀಟರ್ ಮೇಲೆತ್ತಿಕೊಳ್ಳಲು ಮಾಡುವ ಕೆಲಸ 60, 9.8, 0.75 ಇವುಗಳ ಗುಣಲಬ್ಧ, ಎಂದರೆ ಸುಮಾರು 440 ಜೂಲ್. 108 ನಮಸ್ಕಾರಗಳಿಗೆ ಇದು 47,500 ಜೂಲ್, ಅಥವಾ 11 ಕಿಲೋಕ್ಯಾಲರಿಗಿಂತ ತುಸು ಹೆಚ್ಚು.

ಇಷ್ಟೇ ಏನು ಎಂದು ಸೋಜಿಗವಾಗಬಹುದು. ದೇಹಕ್ಕೆ ತಗಲುವ ವೆಚ್ಚ ಇದಕ್ಕಿಂತ ಬಹಳ ಹೆಚ್ಚು. ಭಾರತೀಯ ಸೇನೆಯ ಯುವಕರು ಸೂರ್ಯನಮಸ್ಕಾರ ಮಾಡುತ್ತಿರುವಾಗ ಅವರು ಸೇವಿಸಿದ ಆಮ್ಲಜನಕವನ್ನು ಅಳೆದು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಕ್ತಿವ್ಯಯ ನಿಮಿಷಕ್ಕೆ ಸರಾಸರಿ 3.8 ಕಿಲೋಕ್ಯಾಲರಿಯೆಂದು ಕಂಡುಬಂದಿತು. ನಮಸ್ಕಾರವೊಂದಕ್ಕೆ 20 ಸೆಕೆಂಡಿನಂತೆ 108ಕ್ಕೆ 36 ನಿಮಿಷ ಹಿಡಿದರೆ ಒಟ್ಟು ವ್ಯಯ 137 ಕಿಲೋಕ್ಯಾಲರಿ. ಇದರಲ್ಲಿ ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ವ್ಯಯ ಸುಮಾರು 40. ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗದಷ್ಟನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು; ಉಳಿದದ್ದು ಶಾಖವಾಗುತ್ತದೆ. ಹಾಗಾಗಿ ದೇಹವನ್ನು ಎತ್ತುವುದಕ್ಕೆ ಸುಮಾರು 45 ಕಿಲೋಕ್ಯಾಲರಿ ಹೋಯಿತು. ಮಿಕ್ಕದ್ದು ದೇಹವನ್ನು ಬೀಳದಂತೆ ನಿಧಾನವಾಗಿ ಇಳಿಸುವುದಕ್ಕೂ, ಅಂಗೈಗಳ ಮೇಲೆ ಭಾರ ಹೊತ್ತು ನಿಲ್ಲುವುದಕ್ಕೂ ಸಲ್ಲುತ್ತದೆ. ಈ 137 ಕಿಲೋಕ್ಯಾಲರಿಯು ಸುಮಾರು 40 ಗ್ರಾಂ ರಾಗಿಹಿಟ್ಟಿನಲ್ಲಿರುವ ಶಕ್ತಿಗೆ ಸಮ. ಹಬ್ಬದ ಹೋಳಿಗೆಗಳನ್ನು ನಮಸ್ಕಾರಗಳಿಂದ 'ಕರಗಿಸುವ' ಆಸೆಯುಳ್ಳವರು ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು. ನಮಸ್ಕಾರದ ನಿಜವಾದ ಲಾಭ ಸ್ನಾಯುಬಲ, ಸಂಧಿಗಳ ಬಾಗುವಿಕೆ, ಉಸಿರಿನ ಹತೋಟಿ ಇವುಗಳಲ್ಲಿದೆ. ಇವು ವಾರಗಟ್ಟಲೆಯ ಅಭ್ಯಾಸದಿಂದ ಬರತಕ್ಕವು.

ಉಪವಾಸ ಮತ್ತು ತಲೆಸುತ್ತು

ನವರಾತ್ರಿಯಲ್ಲಿ ಉಪವಾಸವಿರುವವರೂ ಒಪ್ಪತ್ತು ಊಟದವರೂ ಅನೇಕರು. ಇಂಥವರು ಒಮ್ಮೆಗೇ 108 ನಮಸ್ಕಾರಗಳಿಗೆ ತೊಡಗಿದಾಗ ಕಣ್ಣು ಕತ್ತಲಿಟ್ಟು ಕುಸಿಯುವುದುಂಟು. ಅದನ್ನು ವ್ರತದಲ್ಲಿನ ಲೋಪವೆಂದಾಗಲಿ ಮನಸ್ಸಿನ ದೌರ್ಬಲ್ಯವೆಂದಾಗಲಿ ಹಳಿಯುವ ಮೊದಲು ದ್ರವಗಳ ಒತ್ತಡದ ನಿಯಮವನ್ನು ನೆನೆಯಬೇಕು.

ನಿಂತವನ ಮಿದುಳು ಹೃದಯಕ್ಕಿಂತ ಸುಮಾರು 30 ಸೆಂ.ಮೀ. ಮೇಲಿದೆ. ಅಷ್ಟು ಎತ್ತರದ ರಕ್ತಸ್ತಂಭದ ಒತ್ತಡ ಪಾದರಸದ 23 ಮಿಲಿಮೀಟರಿಗೆ ಸಮ. ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ 95 ಮಿಲಿಮೀಟರಿದ್ದರೆ ಮಿದುಳಿನಲ್ಲಿ ಅದು 72 ಮಾತ್ರ. ಮುಂದಕ್ಕೆ ಬಾಗಿ ತಲೆಯನ್ನು ಹೃದಯದಿಂದ 30 ಸೆಂ.ಮೀ. ಕೆಳಕ್ಕೆ ತಂದಾಗ ಅದೇ 23 ಮಿಲಿಮೀಟರ್ ಕೂಡಿಕೊಂಡು ಒತ್ತಡ 118 ಆಗುತ್ತದೆ. ಎಂದರೆ ಒಂದೆರಡು ಸೆಕೆಂಡುಗಳಲ್ಲಿ 46 ಮಿಲಿಮೀಟರಿನ ಏರಿಳಿತ! ಕೊರಳಿನ ಧಮನಿಗಳಲ್ಲಿರುವ ಒತ್ತಡಗ್ರಾಹಕ ನರತುದಿಗಳು ಇದನ್ನು ಅರಿತು, ಹೃದಯದ ಬಡಿತವನ್ನೂ ರಕ್ತನಾಳಗಳ ಬಿಗಿತವನ್ನೂ ಹೊಂದಿಸುತ್ತವೆ. ಆರೋಗ್ಯವಂತನಿಗೆ ಇದು ಒಳ್ಳೆಯ ಸಾಧನೆಯೇ. ಆದರೆ ನೀರೂ ಕುಡಿಯದೆ ಉಪವಾಸವಿದ್ದವನಲ್ಲಿ ರಕ್ತದ ಪರಿಮಾಣ ಕುಗ್ಗಿರುತ್ತದೆ. ತಲೆಯೆತ್ತಿದೊಡನೆ ಮಿದುಳಿಗೆ ರಕ್ತ ಸಾಲದೆ ತಲೆಸುತ್ತು ಬರುತ್ತದೆ. ಉಪವಾಸದ ದಿನ ನಮಸ್ಕಾರಗಳು ಕೆಲವೇ ಇರಲಿ, ನಿಧಾನವಾಗಿರಲಿ, ನೀರನ್ನು ಬಿಡದಿರಲಿ. ತಲೆ ತಿರುಗಿದರೆ ಒಡನೆ ಮಲಗಿ ಕಾಲುಗಳನ್ನು ಎತ್ತರಿಸಿಕೊಳ್ಳಬೇಕು. ರಕ್ತದ ಒತ್ತಡ ಹೆಚ್ಚಾಗಿರುವವರೂ, ಕಣ್ಣಿನೊಳಗಿನ ಒತ್ತಡದ ಬೇನೆಯಾದ ಗ್ಲಾಕೋಮಾ ಉಳ್ಳವರೂ ತಲೆ ತಗ್ಗಿಸುವ ಆಸನಗಳಿಗೆ ಮೊದಲು ವೈದ್ಯರ ಅಭಿಪ್ರಾಯ ಪಡೆಯಬೇಕು.

ಮಿತಿಯ ಮಾತನ್ನು ಹೇಳಿದವರಲ್ಲಿ ವಿಜ್ಞಾನಿಗಳು ಮೊದಲಿಗರಲ್ಲ. ಹಠಯೋಗಪ್ರದೀಪಿಕೆಗೆ 'ಜ್ಯೋತ್ಸ್ನಾ' ಎಂಬ ವ್ಯಾಖ್ಯಾನವನ್ನು ಬರೆದ ಬ್ರಹ್ಮಾನಂದನು, ಸಾಧಕನು ತೊರೆಯಬೇಕಾದ ದೇಹಕ್ಲೇಶಗಳಿಗೆ ಉದಾಹರಣೆಯಾಗಿ ಅತಿಭಾರ ಹೊರುವುದನ್ನೂ ಅತಿಯಾದ ಸೂರ್ಯನಮಸ್ಕಾರಗಳನ್ನೂ ಒಟ್ಟಿಗೆ ಹೇಳಿದ್ದಾನೆ.

ನೂರೆಂಟರ ಸೊಗಸು

108ರಲ್ಲಿ ಭೌತಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಸೊಗಸು ಇರುವುದು ನಿಜ. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ.; ಅವನ ದೂರ ಸರಾಸರಿ 14 ಕೋಟಿ 96 ಲಕ್ಷ ಕಿ.ಮೀ. ಭಾಗಿಸಿದರೆ ಬರುವುದು 107ಕ್ಕೂ 108ಕ್ಕೂ ನಡುವಣ ಸಂಖ್ಯೆ. ವರ್ಷದಲ್ಲಿ ಇದು 105.6ರಿಂದ 109.2ರವರೆಗೆ ಬದಲಾಗುತ್ತ, ಶರದ್ವಿಷುವದ ದಿನಗಳಲ್ಲಿ 108ಕ್ಕೆ ಬಹಳ ಹತ್ತಿರವಿರುತ್ತದೆ. ಇದನ್ನು ನೀವೇ ನೋಡಬಹುದು. ದಪ್ಪ ಕಾಗದದಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡಿ ಬಿಸಿಲಿಗೆ ಹಿಡಿಯಿರಿ. ರಂಧ್ರದಿಂದ 108 ಸೆಂ.ಮೀ. ದೂರದಲ್ಲಿ, ನೆರಳಿನಲ್ಲಿ, ಬಿಳಿಯ ಹಾಳೆಯನ್ನಿಟ್ಟರೆ ಅದರ ಮೇಲೆ ಮೂಡುವ ಸೂರ್ಯಬಿಂಬದ ಅಡ್ಡಳತೆ 1 ಸೆಂ.ಮೀ. ಇರುತ್ತದೆ. ಆದರೆ ಈ ಹೋಲಿಕೆಯಿಂದ ದೇಹದ ಬಗೆಗೆ ಏನನ್ನೂ ತೀರ್ಮಾನಿಸುವಂತಿಲ್ಲ. ಸ್ನಾಯುಗಳಿಗೆ 107ನೆಯ ನಮಸ್ಕಾರಕ್ಕೂ 108ನೆಯದಕ್ಕೂ ಭೇದ ತಿಳಿಯದು. ಹನ್ನೆರಡರಿಂದ ತೊಡಗಿ ಶಕ್ತಿಯನ್ನು ನೋಡಿಕೊಂಡು ಏರಿಸಿಕೊಳ್ಳುವವನೇ ಜಾಣ.

ಹಾಗಾದರೆ ಹಬ್ಬಕ್ಕೂ ಯೋಗಕ್ಕೂ ಇರುವ ನಂಟಿಗೆ ಅರ್ಥವಿಲ್ಲವೇ? ಖಂಡಿತವಾಗಿಯೂ ಇದೆ. ಅಭ್ಯಾಸಕ್ಕೆ ಅತ್ಯಂತ ಕಷ್ಟವಾದದ್ದು ಆರಂಭ. ಒಬ್ಬನೇ ಆರಂಭಿಸಿದ್ದು ಬೇಗ ನಿಲ್ಲುತ್ತದೆ. ಊರೆಲ್ಲ ಕೂಡಿ ಬೇಗ ಏಳುವ ಒಂಬತ್ತು ದಿನಗಳಲ್ಲಿ ಆರಂಭಿಸಿದ್ದು ಬೇರೂರುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ 2020ರ ಸೂಚನೆಗಳಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಹದಿನೇಳರವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳನ್ನೂ ವಿಧಿಸಿದೆ. ದಿನಕ್ಕೆ 36 ನಿಮಿಷದಂತೆ ನವರಾತ್ರಿಯಲ್ಲಿ ನಮಸ್ಕಾರ ಮಾಡಿದವನು ದೊಡ್ಡವನಾಗಿದ್ದರೆ ಆ ಒಂದು ವಾರದ ಋಣ ತೀರಿಸಿದಂತಾಯಿತು. ವರ್ಷದಲ್ಲಿ ಇನ್ನೂ ಐವತ್ತು ವಾರಗಳು ಉಳಿದಿರುತ್ತವೆ. ವಿಜಯದಶಮಿಯ ಮರುದಿನ, ಏಕಾದಶಿಯ ಬೆಳಗ್ಗೆಯೂ ಅದೇ ಹೊತ್ತಿಗೆ ಎದ್ದು ಅಂಗಳಕ್ಕೆ ಬಂದು ಹನ್ನೆರಡು ನಮಸ್ಕಾರಗಳನ್ನು ಮಾಡುವ ವಿದ್ಯಾರ್ಥಿಗೆ ಹಬ್ಬದ ಯೋಗ ನಿಜವಾಗಿ ಫಲಿಸಿತೆಂದು ಹೇಳಬಹುದು.